ಮೂರು ತಿಂಗಳು ಒಣಗದ ಅಂಗಿ

ಫೆಬ್ರವರಿ 8, ಶನಿವಾರ, ಬೆಳಿಗ್ಗೆ 9.40. ಟೆಕ್ಸಾಸ್‌ನ ಯೂಲೆಸ್ ಊರಿನ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಹಳೆಯ ನೋಟ್‌ಬುಕ್ ಒಂದನ್ನು ಹಿಡಿದು ಬಾಗಿಲು ತಟ್ಟಿದರು. ತೊಂಬತ್ತು ದಾಟಿದವರು. ನಾನು ದಿನಚರಿ ಬರೆಯುವುದು, ಎಲ್ಲಕ್ಕೂ ಲೆಕ್ಕ ಇಡುವುದು ಅವರಿಗೆ ಗೊತ್ತು.

ನೋಟ್‌ಬುಕ್ ಅವರ ತಂದೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಟಿನ್‌ನ ಕಾಲೇಜೊಂದರಲ್ಲಿ ಚರ್ಮದ ಟೊಪ್ಪಿ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ಆಡಿದವರು, ಆಮೇಲೆ ಸರಕು ಹಡಗಿನಲ್ಲಿ ನಾವಿಕರಾದವರು. ಎರಡೂ ಒಂದೇ ವರ್ಷದ್ದು ಎಂದು ಮೊದಲ ಪುಟವೇ ಹೇಳುತ್ತದೆ. ತೊಡಕು ಇದ್ದದ್ದು ಅಲ್ಲೇ. ಕೊನೆಯ ಪಂದ್ಯದ ಪುಟದಲ್ಲಿ "11-24, ಪೂರ್ತಿ ಆಡಿದೆ" ಎಂದಿದೆ. ಹಡಗಿನ ಮೊದಲ ಪುಟದಲ್ಲಿ "4-12, ಹಡಗು ಹತ್ತಿದೆ." ಏಪ್ರಿಲ್‌ನಲ್ಲಿ ಸಮುದ್ರಕ್ಕೆ ಹೋದವರು ನವೆಂಬರ್‌ನಲ್ಲಿ ಆಸ್ಟಿನ್‌ನ ಮೈದಾನದಲ್ಲಿ ಆಡಿದ್ದು ಹೇಗೆ?

ಹ್ಯೂಸ್ಟನ್‌ನಲ್ಲಿರುವ ಅಜ್ಜಿಯ ತಮ್ಮ ಮನೆತನದ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಸೋಮವಾರ ಮುದ್ರಣಕ್ಕೆ ಹೋಗಬೇಕು. ಅಪ್ಪ ಪಂದ್ಯದ ಕತೆ ಕಟ್ಟಿದ್ದ, ಆ ಪುಟ ತೆಗೆದುಹಾಕುತ್ತೇನೆ ಎಂದು ಅವರ ಹಟ.

"ಪುಟ ತೆಗೆದರೆ ನಮ್ಮಪ್ಪ ಸುಳ್ಳುಗಾರ ಅಂತ ಅಚ್ಚು ಹಾಕಿಸಿದ ಹಾಗೇ," ಎಂದರು ಅಜ್ಜಿ.

ನಾನು ಕೋಷ್ಟಕ ಹಾಕಿದೆ. 4-12ರಿಂದ 12-12ರವರೆಗೆ ಒಂಬತ್ತು ಬರಹ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಪ್ರತಿ ತಿಂಗಳ ಹನ್ನೆರಡನೇ ತಾರೀಖು. ಈ ದೇಶಕ್ಕೆ ಬಂದ ಹೊಸದರಲ್ಲಿ 5/6 ಅನ್ನು ಜೂನ್ ಐದು ಎಂದು ಓದಿ ಡ್ರೈವಿಂಗ್ ಟೆಸ್ಟಿಗೆ ಒಂದು ತಿಂಗಳು ತಡವಾಗಿ ಹೋಗಿದ್ದೆ. ಅಂದಿನಿಂದ ಯಾವ ತಾರೀಖು ಕಂಡರೂ ತಿಂಗಳನ್ನೇ ಮೊದಲು ಓದುತ್ತೇನೆ.

ಧಾರವಾಡದ ನನ್ನ ರೂಮ್‌ಮೇಟ್ ಅವಲಕ್ಕಿ ತಿನ್ನುತ್ತಾ, "ಏನ ಬರದಾರ, ಓದ ನೋಡೋಣು," ಎಂದಳು.

ಓದಿದೆ. "ಮೇ, ಅಂಗಿ ಒಗೆದೆ. ಜೂನ್, ಅಂಗಿ ಒಣಗಿಲ್ಲ. ಜುಲೈ, ಇನ್ನೂ ಹಸಿ, ಹಾಗೇ ಹಾಕಿಕೊಂಡೆ."

"ಮೂರ ತಿಂಗಳ ಒಣಗಲಿಲ್ಲಂದ್ರ ಅದೇನ ಅಂಗಿನೋ ಕಂಬಳಿನೋ? ಶಾಣ್ಯಾಕಿ, ಊರಾಗ ತಾರೀಖ ಹೆಂಗ ಬರೀತಿದ್ದಿ?"

ನನ್ನ ಪೆನ್ನು ನಿಂತಿತು. ಊರಲ್ಲಿ ದಿನ ಮೊದಲು, ತಿಂಗಳು ಆಮೇಲೆ: 4-12 ಅಂದರೆ ಡಿಸೆಂಬರ್ ನಾಲ್ಕು! ಒಂಬತ್ತು ತಿಂಗಳಲ್ಲ, ಒಂಬತ್ತು ದಿನ. ಪಂದ್ಯ ಮುಗಿದ ಮೇಲೆಯೇ ಹಡಗು. ಅಜ್ಜಿ ತಕ್ಷಣ ತಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.

"ಅಂಗಿಯನ್ನು ಸಾಕ್ಷಿಗೆ ಕರೀತಿದ್ದೀಯಾ ಅಕ್ಕ?" ಎಂದು ಅವರು ನಕ್ಕರು.

12-12ರ ಪುಟದ ಮುಂದಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಜ್ಜಿಯನ್ನು ಕೇಳಿ ಕೆಟಲ್‌ನ ಹಬೆಗೆ ಹಿಡಿದೆವು. ನಾನು ಪೋಸ್ಟ್‌ಕಾರ್ಡಿನ ಅಂಚು ತೂರಿಸಿದೆ. 10.55ಕ್ಕೆ ಬಿಟ್ಟುಕೊಂಡವು. ಮಸುಕು ಪೆನ್ಸಿಲಿನಲ್ಲಿ: "13-12, ಮಂಜು, ಎದುರಿಗೆ ಏನೂ ಕಾಣದು." ಮುಂದೆ 14-12, 15-12. ಹದಿಮೂರನೇ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಹಡಗಿನವರಂತೆ ದಿನವನ್ನು ಮೊದಲು ಬರೆಯುವುದನ್ನು ಅವರು ಹತ್ತಿದ ದಿನವೇ ಕಲಿತಿದ್ದರು.

ಅಜ್ಜಿ ಮೂರು ಸಾಲನ್ನೂ ಗಟ್ಟಿಯಾಗಿ ಓದಿದರು.

"ಪುಟ ಇರಲಿ," ಎಂದರು ಹ್ಯೂಸ್ಟನ್‌ನಿಂದ ಅಜ್ಜಿಯ ತಮ್ಮ. "ಮುದ್ರಣ ಒಂದು ತಿಂಗಳು ತಡವಾಗಲಿ. ಅಪ್ಪ ಆಡಿದ ಪಂದ್ಯಕ್ಕೆ ಒಂದು ಚಿತ್ರವಾದರೂ ಬೇಡವೇ?"

"ಇವನು ನನ್ನ ಮಾತು ಒಪ್ಪಿದ್ದು ಇದೇ ಮೊದಲು. ಹೊತ್ತು ಗುರುತು ಹಾಕಿಕೋ," ಎಂದರು ಅಜ್ಜಿ ನನಗೆ. 11.10.

ಎದುರು ತಂಡ ಯಾವುದೆಂದು ನೋಟ್‌ಬುಕ್‌ನಲ್ಲಿಲ್ಲ. ಆಸ್ಟಿನ್‌ನಲ್ಲಿ ಓದುತ್ತಿರುವವರು, ಓದಿ ಬಂದವರು ಯಾರಾದರೂ ಯುದ್ಧಕಾಲದ ಆ ನವೆಂಬರ್ 24ರ ಪಂದ್ಯದ ಚಿತ್ರವನ್ನೋ ಆಟಗಾರರ ಪಟ್ಟಿಯನ್ನೋ ಕಂಡಿದ್ದರೆ, ದಯವಿಟ್ಟು ನನಗೊಂದು ಸಾಲು ಬರೆಯಿರಿ.