ಗಿಲಾವು ಇಲ್ಲದ ಗೋಡೆ

ನಿವೃತ್ತಿಯಾದ ಮೇಲೆ ನಾನು ಮತ್ತು ನನ್ನ ಜೊತೆ ಶಾಲೆಯಲ್ಲಿ ಕಲಿಸುತ್ತಿದ್ದ ಇಬ್ಬರು ಗೆಳತಿಯರು ಸೇರಿ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಪಕ್ಕ, ನನ್ನ ಪಾಲಿಗೆ ಬಂದ ಜಾಗದಲ್ಲಿ ಒಂದು ಕೇಂದ್ರ ಕಟ್ಟಿದೆವು. ನಾಟಿ ಬೀಜ ಕಾಪಿಡುವುದು, ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವುದು, ಕೆಟ್ಟ ಮಿಕ್ಸರ್, ಹರಿದ ಬಟ್ಟೆಗಳನ್ನು ಎಸೆಯದೆ ಸರಿಮಾಡಿಕೊಳ್ಳುವುದು, ಇದನ್ನೆಲ್ಲ ಊರಿನವರು ಕೂಡಿ ಕಲಿಯಲಿ ಎಂಬುದು ಉದ್ದೇಶ. ಬೋರ್ಡಿನ ಮೇಲೆ ‘ಸಮುದಾಯ ಸುಸ್ಥಿರತಾ ಕೇಂದ್ರ’ ಎಂದು ಬರೆಸಿದೆವು. ಹಾಗೆಂದರೇನು ಎಂದು ಪೇಂಟರ್ ಕೇಳಿದ. ವಿವರವಾಗಿ ಹೇಳಿದೆ.

“ಅಂದ್ರ ದವಾಖಾನಿ ಅಲ್ಲ” ಎಂದು ಖಾತ್ರಿ ಮಾಡಿಕೊಂಡು ಬಣ್ಣ ಕಲಸಿದ.

ಕಟ್ಟಡಕ್ಕೆ ಕೆಳಗೆ ಕಲ್ಲಿನ ತಳಪಾಯ, ಮೇಲೆ ಯಾರದೋ ಹಳೆ ಮನೆ ಕೆಡವಿದಾಗ ಸಿಕ್ಕ ತೊಲೆ ಮತ್ತು ಹಂಚು. ಗೋಡೆ ಮಾತ್ರ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆಯದು. ಅದನ್ನು ಮೇಲೆ ಪ್ಲಾಸ್ಟರ್ ಬಳಿಸದೆ ಹಾಗೇ ಬಿಟ್ಟಿದ್ದೆವು. ರಸ್ತೆಯಲ್ಲಿ ಹೋಗುವವರು, “ಗಿಲಾವ್ ಯಾವಾಗ್ರೀ ಟೀಚರ್?” ಎಂದು ಕೇಳುತ್ತಿದ್ದರು. ಗಿಲಾವು ಮಾಡಿಸುವುದಿಲ್ಲ ಎಂದರೆ ಮುಖ ಸಣ್ಣಗೆ ಮಾಡಿ, “ಆಗ್ತದ ಬಿಡ್ರೀ, ಒಂದೊಂದ” ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು.

ನನ್ನ ಅಕ್ಕ ಇರುವುದು ಸಿಂಧನೂರಿನಲ್ಲಿ. ಭಾವನದು ಅಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ನಾವು ಅಕ್ಕತಂಗಿಯರು ಮಾತಾಡುವುದು ದಖನಿ ಉರ್ದುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಅಕ್ಕ ಕನ್ನಡಕ್ಕೆ ಬರುತ್ತಾಳೆ. ಕಟ್ಟಡ ನೋಡಲು ಬಂದವಳು ಆಟೋದಿಂದ ಇಳಿಯುವಾಗಲೇ ಕನ್ನಡದಲ್ಲಿ ಶುರುಮಾಡಿದಳು.

“ಏನಬೇ ಇದು? ಸಿಮೆಂಟ್ ಅಂಗಡಿಯವ್ರ ನಾದಿನಿ ಮಣ್ಣಿನ ಗ್ವಾಡಿ ಕಟ್ಯಾಳ ಅಂತ ಮಂದಿ ನಗಾಕತ್ತಾರ.”

“ಬ್ಯಾಸಗಿಯೊಳಗ ತಂಪಿರ್ತದ ಆಪಾ.”

“ತಂಪು ಯಾರಿಗೆ ಕಾಣ್ತದ? ಗ್ವಾಡಿ ಎಲ್ಲಾರಿಗೂ ಕಾಣ್ತದ.”

ಇಷ್ಟು ವರ್ಷ ವಿಜ್ಞಾನ ಕಲಿಸಿದ ನಾನು ಅವಳ ಚೀಲ ಎತ್ತಿಕೊಂಡು ಒಳಗೆ ನಡೆದೆ.

ಉದ್ಘಾಟನೆಗೆ ಮುಂಚೆ ನಾವು ಮೂವರೂ ಗೊಬ್ಬರದ ತರಬೇತಿಗೆಂದು ರಾಯಚೂರಿಗೆ ಹೋಗಬೇಕಾಯಿತು. ನಮ್ಮ ಮನೆಯಲ್ಲೇ ಉಳಿದಿದ್ದ ಅಕ್ಕನಿಗೆ ಕೇಂದ್ರದ ಕೀಲಿ ಕೊಟ್ಟು, ಗಿಡಗಳಿಗೆ ನೀರು ಹಾಕು ಎಂದೆ. ಒಂದು ವಾರ ಬಿಟ್ಟು ಬಂದಾಗ ಗಿಡಗಳು ಚೆನ್ನಾಗಿದ್ದವು. ರಸ್ತೆ ಕಡೆಯ ಗೋಡೆಗೆ ಸಿಮೆಂಟಿನ ಗಿಲಾವು ಆಗಿ, ಮೇಲೆ ಪಿಸ್ತಾ ಬಣ್ಣವೂ ಆಗಿತ್ತು. ಗಾರೆ ಕೆಲಸದ ಗೌಂಡಿಗೆ ಚಹಾ ಸೋಸುತ್ತಿದ್ದ ಅಕ್ಕ, ಅವನಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದಳು.

“ನಿನಗ ಗೊತ್ತಾಗಬಾರದಂತ ಲಗೂ ಲಗೂ ಮಾಡಿಸೀನಿ. ಹ್ಯಾಂಗದ?”

ಅವಳ ಸೆರಗಿನ ತುಂಬ ಪಿಸ್ತಾ ಹನಿಗಳಿದ್ದವು. ಮೊಣಕಾಲು ನೋವಿನವಳು ಬಿಸಿಲಲ್ಲಿ ನಿಂತು ಮಾಡಿಸಿದ್ದಳು. “ಚಲೋ ಅದ ಆಪಾ” ಎಂದೆ. ಒಳಗೆ ಹೋಗಿ, ಸರಿಯಾಗೇ ಇದ್ದ ಬೀಜದ ಗಡಿಗೆಗಳನ್ನು ಮತ್ತೆ ಮೊದಲಿನಿಂದ ಜೋಡಿಸಿಟ್ಟೆ.

ಉದ್ಘಾಟನೆಯ ದಿನ ಅತಿಥಿಗಳು ಫೋಟೋಕ್ಕೆ ನಿಂತದ್ದು ಆ ಗೋಡೆಯ ಮುಂದೆಯೇ. ಮಣ್ಣಿನ ಕಟ್ಟಡ ಇಷ್ಟು ನುಣುಪಾಗಿರುತ್ತದೆಂದು ತಮಗೆ ತಿಳಿದಿರಲಿಲ್ಲ ಎಂದು ಒಬ್ಬರು ಗೋಡೆ ಸವರುತ್ತ ಭಾಷಣ ಮಾಡಿದರು. ನನ್ನ ಗೆಳತಿಯರು ನೆಲ ನೋಡಿದರು. ಅಕ್ಕ ಜೋರಾಗಿ ಚಪ್ಪಾಳೆ ತಟ್ಟಿದಳು.

ಮಳೆ ಹಿಡಿದ ಮೇಲೆ ಗಿಲಾವಿನ ಹಿಂದೆ ತೇವ ಕೂತು, ಗೋಡೆ ಹಪ್ಪಳದಂತೆ ಅಲ್ಲಲ್ಲಿ ಉಬ್ಬತೊಡಗಿತು. ಒಂದು ಮಧ್ಯಾಹ್ನ ಅರ್ಧ ಗೋಡೆಯ ಗಿಲಾವು ಒಮ್ಮೆಲೇ ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅಕ್ಕನಿಗೆ ಹೇಳುವುದು ಬೇಡವೆಂದುಕೊಂಡೆ. ಆದರೆ ಯಾರೋ ಅವಳಿಗೆ ಫೋಟೋ ಕಳಿಸಿದ್ದರು. ಮರುದಿನ ಬಸ್ಸು ಹಿಡಿದು ಬಂದು, ಬಿದ್ದ ಒಂದು ಚೂರನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

“ಸಿಮೆಂಟ್ ಚಲೋದ ಇತ್ತು.”

“ಹೌದು ಆಪಾ. ಮಣ್ಣೂ ಚಲೋನ ಅದ. ಎರಡಕ್ಕೂ ಹೊಂದಲಿಲ್ಲ.”

“ಮೊದ್ಲ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಕೇಳ್ತಿದ್ದಿ ಏನು?”

ಸ್ವಲ್ಪ ಯೋಚಿಸಿ, “ಇಲ್ಲ” ಎಂದಳು.

ಉಳಿದದ್ದನ್ನು ಇಬ್ಬರೂ ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದು ತೆಗೆದೆವು. ಮಳೆ ಬಿಡುವು ಕೊಟ್ಟಾಗ ಕೆಮ್ಮಣ್ಣು, ಹೊಟ್ಟು ಕಲಸಿ ಸಾರಿಸಿದೆವು. ಅಷ್ಟರಲ್ಲಿ ಅಕ್ಕ ದಖನಿಗೆ ಮರಳಿದ್ದಳು.

ಕೈ ತೊಳೆದುಕೊಂಡು ಒಳಗೆ ಹೋದರೆ ಹೆಂಗಸರು ಹಳೆ ಸೀರೆಗಳಿಂದ ಕೌದಿ ಹೊಲಿಯಲು ಒದ್ದಾಡುತ್ತಿದ್ದರು. ಅಕ್ಕ ನೋಡಿ ಸುಮ್ಮನಿರಲಾರದೆ ಸೂಜಿ ಕಸಿದುಕೊಂಡು ಕುಳಿತಳು. ಈಗ ಪ್ರತಿ ಮಂಗಳವಾರ ಸಿಂಧನೂರಿನಿಂದ ಬಂದು ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ. ಗುರುಗುಂಟಾದಿಂದಲೂ ಹೆಂಗಸರು ಬರುತ್ತಾರೆ, ಕೂರಲು ಜಾಗ ಸಾಲುವುದಿಲ್ಲ. ಅದೇ ದಿನ ಹಿತ್ತಲಲ್ಲಿ ನನ್ನ ಗೊಬ್ಬರದ ಪಾಠವೂ ಇರುತ್ತದೆ. ಅದಕ್ಕೆಂದು ಬಂದವರು ಮೊದಲು ಒಳಗೆ ಹಣಿಕಿ ಹಾಕುತ್ತಾರೆ, ಆಮೇಲೆ ಅಲ್ಲೇ ಕೂತುಬಿಡುತ್ತಾರೆ.