ಸೋಮವಾರ ಸವರದ ಟೊಂಗೆ

ಮುತ್ಯಾನನ್ನು ನೆನೆದರೆ ನನಗೆ ಮೊದಲು ಕಾಣುವುದು ಬಿರುಕುಬಿಟ್ಟ ಎರಡು ಹಿಮ್ಮಡಿಗಳು. ಧೋತರ ಎತ್ತಿ ಕಟ್ಟಿ ಬೇವಿನ ಮರದ ಮೇಲೆ ನಿಂತವನನ್ನು ಕೆಳಗಿನಿಂದ ನೋಡಿದ್ದೇ ಹೆಚ್ಚು. ಮಸ್ಕಿಯ ನಮ್ಮ ಬಾಡಿಗೆ ಮನೆಯ ಮಾಲೀಕ ಅವನು, ಅಜ್ಜನ ವಯಸ್ಸಿನವನೆಂದು ಮುತ್ಯಾ ಅನ್ನುತ್ತಿದ್ದೆ. ಮರ ಅವನ ಅಂಗಳದ್ದು, ಅರ್ಧ ಟೊಂಗೆಗಳು ಮಾತ್ರ ನಮ್ಮ ತಗಡಿನ ಚಾವಣಿಯ ಮೇಲೆ. ಆ ತಗಡಿನ ಕೆಳಗೇ ಅವ್ವನ ಒಲೆ.

ಶಿವರಾತ್ರಿ ಕಳೆದು, ಎಲೆ ಉದುರಿ, ಯುಗಾದಿಯ ಚಿಗುರು ಬರುವ ಮುಂಚೆ ಅವನು ಕೊಡಲಿ ಹಿಡಿದು ಟೊಂಗೆ ಸವರುತ್ತಿದ್ದ. ಒಣಗಿದ್ದು, ಕರೆಂಟಿನ ತಂತಿಗೆ ತಾಗಿದ್ದು, ತಗಡಿನ ಮೇಲೆ ಭಾರ ಹಾಕಿದ್ದು, ಅಷ್ಟೇ. ಹಿಂದಿನ ಸಂಜೆ ಬುಡಕ್ಕೆ ಒಂದು ಕೊಡ ನೀರು ಸುರಿದು, ಮೇಲೆ ನೋಡಿ ಕೂಗುತ್ತಿದ್ದ: "ನಾಳಿಗಿ ಸವರತೀನ್ರಪ್ಪೋ. ಇದ್ದೋರು ಬ್ಯಾರೆ ಕಡಿ ಹೋಗ್ರಿ."

"ಯಾರಿಗಿ ಹೇಳಾಕತ್ತಿ ಮುತ್ಯಾ? ಅಳಿಲಿಗಿ ಕನ್ನಡ ಬರ್ತೈತೇನು?"

"ನಿನಗ ಬರ್ತೈತಲ್ಲ ವಕೀಲಮ್ಮ, ನೀನರ ಎಲ್ಲಿ ಕೇಳ್ತಿ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದ ದಿನಗಳು ಅವು. ಮರವನ್ನು ಬುಡಸಮೇತ ತೆಗೆಸಬೇಕು ಎಂಬುದು ನನ್ನ ಪಕ್ಷ: ಬೇರಿಗೆ ಗೋಡೆ ಬಿರಿಯುತ್ತದೆ, ಗಾಳಿಗೆ ಟೊಂಗೆ ಮುರಿಯುತ್ತದೆ, ಕೆಳಗೆ ಅವ್ವ ಇರುತ್ತಾಳೆ. ಅವನದು ಒಂದೇ ಮಾತು: "ನೆಳ್ಳು ನಿಮ್ಮಪ್ಪ ಕೊಡ್ತಾನೇನು?" ಮಸ್ಕಿಯ ಬಿಸಿಲಿನಲ್ಲಿ ನಿಂತು ಅದಕ್ಕೆ ಉತ್ತರ ಕೊಡುವುದು ಕಷ್ಟ. ಆದರೂ ಕೊಡುತ್ತಿದ್ದೆ.

ಒಂದು ಬೇಸಿಗೆಯ ಗಾಳಿಗೆ ದೊಡ್ಡ ಟೊಂಗೆ ಸೀಳಿ ಜೋತುಬಿತ್ತು. ಅಂದು ಸೋಮವಾರ. ಸೋಮವಾರ ಗಿಡಕ್ಕೆ ಕೊಡಲಿ ಮುಟ್ಟಿಸುವುದಿಲ್ಲವೆಂಬುದು ಅವನ ನೇಮ.

"ಟೊಂಗಿಗಿ ವಾರ ಗೊತ್ತೈತೇನು?" ಎಂದು ಕೂಗಾಡಿದೆ.

"ನಾಳಿ ಮುಂಜಾನಿ ಸವರತೀನಿ. ಜಿದ್ದು ಮಾಡಬ್ಯಾಡ."

ಹೊತ್ತು ಇಳಿಯುವಷ್ಟರಲ್ಲಿ ಟೊಂಗೆ ತಗಡು ಹರಿದುಕೊಂಡು ಒಲೆಯ ಮೇಲೆ ಬಿತ್ತು. ಅವ್ವ ನೀರು ತರಲು ನಲ್ಲಿಗೆ ಹೋಗಿದ್ದಳು, ಅದಕ್ಕೆ ಉಳಿದಳು.

ಮುತ್ಯಾ ಬಂದು ಒಡೆದ ಒಲೆಯ ಮುಂದೆ ಕುಳಿತ. ನಾನು ವಾದ ಗೆದ್ದಿದ್ದೆ. ಬಾಗಿ ಒಲೆಯ ಚೂರುಗಳನ್ನು ಆರಿಸತೊಡಗಿದೆ.

"ಬುಡಕ್ಕ ಕಡಿಸಿಬಿಡೋಣು," ಅಂದ.

"ಯಾಕ? ಬೊಡ್ಡಿ ಗಟ್ಟಿ ಐತಿ. ಆ ಟೊಂಗಿ ಒಂದ ಕೆಟ್ಟಿತ್ತು." ಅವನ ಪಕ್ಷ ಹಿಡಿದು ನಾನೇ ವಾದಿಸುತ್ತಿದ್ದೆ.

"ಬೊಡ್ಡಿ ಗಟ್ಟಿ ಐತವ್ವಾ, ನನ್ನ ಕಾಲು ಗಟ್ಟಿ ಇಲ್ಲ. ಈ ಸಲ ಆ ಟೊಂಗಿತನಕ ಏರಾಕ ಆಗಲಿಲ್ಲ. ಯಾರಿಗೂ ಹೇಳಲಿಲ್ಲ. ವರ್ಷಾ ಸವರೋರು ಇಲ್ಲಂದ್ರ ಮನಿ ಮುಂದ ಗಿಡ ಇರಬಾರದು."

"ನಾ ಸವರತೀನಿ."

"ನೀನಾ? ಮೊದಲ ಕುರ್ಚಿ ಮ್ಯಾಲ ಹತ್ತಿ ತೋರ್ಸು!"

ಆದರೂ ಕಲಿಸಿದ. ಮೊದಲು ಕೆಳಗಿನಿಂದ ಒಂದಿಷ್ಟು ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ತೊಗಟೆ ಬೊಡ್ಡೆಯವರೆಗೂ ಸುಲಿದುಬಿಡುತ್ತದೆ.

ಮುಂದಿನ ಯುಗಾದಿಗೆ ಅವನಿರಲಿಲ್ಲ. ಅವನ ಮಗಳು ಮನೆಯನ್ನು ನಮಗೇ ಬಾಡಿಗೆಗೆ ಬಿಟ್ಟಿದ್ದಾಳೆ, ಮರದ ಸಮೇತ. ಸಿಂಧನೂರಿಗೆ ಕೆಲಸಕ್ಕೆ ಹೋಗಿ, ಬಸ್ಸಿನಲ್ಲಿ ಅರ್ಧ ಜೀವವಾಗಿ ಬಂದ ಮೇಲೂ ಕತ್ತೆತ್ತಿ ಒಣಟೊಂಗೆ ಹುಡುಕಬೇಕು. ಸಾಕಾಗಿಹೋಗುತ್ತದೆ.

ಈ ವರ್ಷ ರಜೆ ಸಿಕ್ಕಿದ್ದು ಸೋಮವಾರವೇ. ಸವರಿದೆ. ಟೊಂಗೆಗೆ ವಾರ ಗೊತ್ತಿಲ್ಲವೆಂಬ ವಾದವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಆದರೆ ಭಾನುವಾರ ಸಂಜೆ ಬುಡಕ್ಕೆ ಒಂದು ಕೊಡ ನೀರು ಸುರಿದು, ಅವ್ವ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮೇಲೆ ನೋಡಿ ಮೆಲ್ಲಗೆ ಹೇಳಿದ್ದೆ: "ನಾಳಿಗಿ ಸವರತೀನ್ರಪ್ಪೋ. ಸೋಮವಾರ ಐತಿ, ಖರೆ. ಬ್ಯಾರೆ ದಿನ ರಜಾ ಇಲ್ಲ."