ಮೋರಿಗೊಂದು ವಂದನಾರ್ಪಣೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಒಂದು ಕ್ಷೇಮಾಭಿವೃದ್ಧಿ ಸಂಘ ಹುಟ್ಟಿತು. ಕ್ಷೇಮವಾಗಲಿ ಅಭಿವೃದ್ಧಿಯಾಗಲಿ ಇನ್ನೂ ಹುಟ್ಟಬೇಕಿತ್ತು. ಅಷ್ಟರಲ್ಲೇ ಅಧ್ಯಕ್ಷರು, ಗೌರವಾಧ್ಯಕ್ಷರು, ಸೀಲು, ಬ್ಯಾನರು ಎಲ್ಲ ತಯಾರು. ಹೆಂಗಸೊಬ್ಬಳು ಇರಲೇಬೇಕಂತೆ. ಹಾಗಾಗಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನೂ ಎಳೆದುಕೊಂಡರು. ಸಭೆಯ ಮೊದಲಿಗೆ ಪ್ರಾರ್ಥನೆ, ಕೊನೆಗೆ ವಂದನಾರ್ಪಣೆ, ಇಷ್ಟೇ ನನ್ನ ಕೆಲಸ. ನಡುವೆ ಬಾಯಿ ತೆರೆದರೆ ಅಧ್ಯಕ್ಷರು "ನಿಮ್ದು ಆಮೇಲಿದೆ ಮೇಡಂ" ಎನ್ನುತ್ತಿದ್ದರು.

ಬೀದಿಗಿದ್ದ ನಿಜವಾದ ಕಷ್ಟ ಮೋರಿಯದು. ಜೋರು ಮಳೆ ಬಂದರೆ ಕಟ್ಟಿಕೊಂಡ ಮೋರಿ ಉಕ್ಕಿ, ನಮ್ಮೆಲ್ಲರ ಮನೆಯ ಕೊಳೆನೀರು ಇಳಿಜಾರಿನ ಕೊನೆಯ ಮನೆಗೆ ಹಿತ್ತಿಲಿನಿಂದ ನುಗ್ಗುತ್ತಿತ್ತು. ಅಲ್ಲಿದ್ದವರು ಗಂಡನನ್ನು ಕಳೆದುಕೊಂಡ ಒಬ್ಬ ಅಕ್ಕ. ನಾಮಕರಣವೋ ಸತ್ಯನಾರಾಯಣ ಪೂಜೆಯೋ, ಬೀದಿಗೆಲ್ಲ ಅವರದೇ ಅಡುಗೆ. ಅದೇ ಅವರ ಜೀವನ. ಘಮಘಮಿಸುವ ಪಾತ್ರೆಗಳು ಮುಂಬಾಗಿಲಿನಿಂದ ಬರುತ್ತಿದ್ದವೇ ಹೊರತು, ಹಿಂದಿನ ಅಡುಗೆಮನೆಯನ್ನು ಯಾರೂ ನೋಡಿರಲಿಲ್ಲ. ನೀರು ನುಗ್ಗಿದ ದಿನ ಅವರು ಅಡುಗೆ ಒಪ್ಪಿಕೊಳ್ಳುತ್ತಿರಲಿಲ್ಲ. ಕಾರಣ ನನಗೊಬ್ಬಳಿಗೆ ಹೇಳಿದ್ದರು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಮನೆ ಬಿಡಬೇಕಿತ್ತು.

ಕೊನೆಗೆ ಮೋರಿಯ ವಿಷಯಕ್ಕೆಂದೇ ಕಾರ್ಪೊರೇಟರನ್ನು ಭಜನೆ ಮಂದಿರಕ್ಕೆ ಕರೆಸಿದರು. ನಮ್ಮೂರಿನಲ್ಲಿ ಮನೆಗೆ ಬಂದವರಿಗೆ ಕಾಫಿ, ಸಭೆಗೆ ಬಂದವರಿಗೆ ಪೇಟ. ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಅವರನ್ನು ಅಭಿವೃದ್ಧಿಯ ಹರಿಕಾರ ಎಂದರು. ಹೊರಗೆ ಆ ಅಭಿವೃದ್ಧಿಯ ಮೇಲೆ ಧೋ ಎಂದು ಮಳೆ ಹೊಯ್ಯುತ್ತಿತ್ತು. ಮೋರಿಯ ಮಾತು ಯಾವಾಗ ಎಂದು ಅಧ್ಯಕ್ಷರ ಕಿವಿಯಲ್ಲಿ ಕೇಳಿದೆ.

"ಈಗ್ತಾನೇ ಪೇಟ ಇಟ್ಟಿದೀವಿ, ಈಗ್ಲೇ ಮೋರಿ ಅಂದ್ರೆ ಚೆನ್ನಾಗಿರುತ್ತೇನ್ರೀ? ಮುಂದಿನ್ ಸಭೇಲಿ ನೋಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಕ್ಕ ಎದ್ದು ಬಂದರು. ಅಂದಿನ ಉಪಾಹಾರ ಮಾಡಿದ್ದೂ ಅವರೇ. "ವಂದನೆ ಇವತ್ತು ನಾನೇಳ್ತೀನಿ ಕಣಮ್ಮ" ಎಂದರು. ಮೈಕು ಕೊಟ್ಟೆ.

"ಬಂದೋರ್ಗೆಲ್ಲ ವಂದನೆ. ಉಪ್ಪಿಟ್ಟು, ಕೇಸರಿಬಾತು ಮಳೆಗ್ ಮುಂಚೇನೇ ಮಾಡ್ಬುಟ್ಟು ನಮ್ಮನೆ ಅಡುಗೆಮನೇಲಿ ಇಟ್ಟಿವ್ನಿ. ಸಾಹೇಬ್ರು ಮುಂದೆ ನಡೀಬೇಕು. ತಿನ್ದೆ ಯಾರೂ ಹೋಗ್ಬಾರ್ದು."

ಊಟಕ್ಕೆ ಕರೆದರೆ ಇಲ್ಲವೆನ್ನುವುದು ನಮ್ಮ ಜನಕ್ಕೆ ಬರುವುದಿಲ್ಲ. ಛತ್ರಿ ಬಿಚ್ಚಿ ಎಲ್ಲರೂ ಹೊರಟರು. ಕಾರ್ಪೊರೇಟರು ಪೇಟ ಸರಿಮಾಡಿಕೊಳ್ಳುತ್ತ ಅಡುಗೆಮನೆಗೆ ಕಾಲಿಟ್ಟರೆ ಪಾದ ಮುಳುಗುವಷ್ಟು ಕಪ್ಪು ನೀರು. ಯಾರ ಮನೆಯದೋ ಟೊಮೇಟೊ ಸಿಪ್ಪೆ, ಶಾಂಪೂ ಪೊಟ್ಟಣ ತೇಲುತ್ತಿದ್ದವು. ಕಟ್ಟೆಯ ಮೇಲೆ ಮುಚ್ಚಿಟ್ಟ ಪಾತ್ರೆಗಳು ಇನ್ನೂ ಬೆಚ್ಚಗಿದ್ದವು. ಅಕ್ಕ ಸೌಟು ಹಿಡಿದು ಆ ನೀರಿನಲ್ಲೇ ನಿಂತು ಬಡಿಸಿದರು. ತಟ್ಟೆ ಹಿಡಿದವರಲ್ಲಿ ಒಬ್ಬರೂ ಬಾಯಿಗಿಡಲಿಲ್ಲ. ಪಂಚೆ ಎತ್ತಿ ಹಿಡಿದುಕೊಂಡೇ ಕಾರ್ಪೊರೇಟರು, "ನಾಳೇನೇ ಇಂಜಿನಿಯರ್‌ನ ಕಳಿಸ್ತೀನಿ ತಾಯಿ" ಎಂದರು.

ಎಲ್ಲರೂ ಹೋದ ಮೇಲೆ ನನಗೆ ಕುಣಿಯುವಷ್ಟು ಖುಷಿ. ಅಕ್ಕ ಮಾತ್ರ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಇದ್ನ ಕಂಡ್ಮೇಲೆ ನನ್ ಕೈ ಅಡುಗೆ ಇನ್ಯಾರ್ ತಿಂತಾರೆ ಬುಡಮ್ಮ" ಎಂದರು. ಎಲ್ಲ ತಿಳಿದೇ ಕರೆದಿದ್ದರು.

ದಸರೆಗೆ ಮುಂಚೆ ಮೋರಿ ಆಯಿತು, ಚಪ್ಪಡಿಯ ಸಮೇತ. ಅಡುಗೆಮನೆ ಒಣಗಿತು. ಉದ್ಘಾಟನೆಗೆ ಟೇಪು ಕತ್ತರಿಸಿ, ಸಂಘದ ಸತತ ಹೋರಾಟವನ್ನು ಸಂಘವೇ ಹೊಗಳಿಕೊಂಡಿತು. ಆಮೇಲೆ ಆಟೋದಲ್ಲಿ ತಿಂಡಿ ಬಂತು. ಗೋಡೆಗೊರಗಿ ನಿಂತಿದ್ದ ಅಕ್ಕನ ಕೈಗೆ ಅಧ್ಯಕ್ಷರು ತಾವೇ, ಬಹಳ ಪ್ರೀತಿಯಿಂದ, ಒಂದು ಪೊಟ್ಟಣ ಇಟ್ಟರು. "ತಗೊಳ್ಳಮ್ಮ, ಸಂಕೋಚ ಬೇಡ. ಹೋಟ್ಲಿಂದು, ಕ್ಲೀನಾಗಿದೆ."